ಬೆಳ್ಳುಳ್ಳಿ ಅರೆದು ಹಾಕಿದರೆ ಕೋಳಿಯ ಜಂತು ಹೋಗುತ್ತಾ?

ಓದುಗರ ಪ್ರಶ್ನೆ: ನಮ್ಮದು ವಿಜಯಪುರ ಜಿಲ್ಲೆ, ಇಂಡಿ ತಾಲೂಕು. ಮನೆಯಲ್ಲಿ ಜವಾರಿ ಕೋಳಿಗಳಿವೆ. ಜೋಳ, ನುಚ್ಚು ಹೊಟ್ಟೆ ತುಂಬ ತಿನ್ನುತ್ತವೆ. ಆದರೂ ಮರಿಗಳು ಮೈ ಹಿಡಿಯೋದಿಲ್ಲ. ಕೊಯ್ದಾಗ ಕರುಳಲ್ಲಿ ಬಿಳಿ ಹುಳ ಸಿಗುತ್ತವೆ. ಬೆಳ್ಳುಳ್ಳಿ, ಬೇವಿನ ಸೊಪ್ಪು ಅರೆದು ಹಾಕಿದರೆ ಸಾಕಾ?

ಸಾಕಾಗುವುದಿಲ್ಲ. ಪ್ರಯೋಗಾಲಯದಲ್ಲಿ ಹುಳದ ಮೇಲೆ ಬೆಳ್ಳುಳ್ಳಿ, ಬೇವಿನ ರಸ ಕೆಲಸ ಮಾಡಿದ್ದುಂಟು. ಕೋಳಿಯ ಹೊಟ್ಟೆಯೊಳಗೆ ಮಾತ್ರ ಫಲ ಒಂದೊಂದು ಸಲ ಒಂದೊಂದು ಥರ. ಸ್ವಲ್ಪ ಹಾಕಿದರೆ ತೊಂದರೆ ಏನಿಲ್ಲ. ಅದನ್ನೇ ಔಷಧ ಅಂತ ನಂಬಿ ತಿಂಗಳುಗಟ್ಟಲೆ ಕೂತರೆ ಮರಿಗಳು ಕೈತಪ್ಪುತ್ತವೆ.

ನಾನು ಮೊದಲು ನೋಡುವುದು ನಿಮ್ಮ ಜೋಳವನ್ನು. ಬಿಳಿ ಜೋಳದಿಂದ ಕೋಳಿಯ ಹೊಟ್ಟೆ ತುಂಬುತ್ತದೆ, ಆದರೆ ವಿಟಮಿನ್ ಎ ಸಿಗುವುದಿಲ್ಲ ಅಂದರೂ ತಪ್ಪಿಲ್ಲ. ಗೋವಿನಜೋಳದ ಹಳದಿ ಬಣ್ಣದಲ್ಲಿ ಅದು ಸ್ವಲ್ಪ ಇರುತ್ತದೆ. ಕರುಳಿನ ಒಳಪದರ ಗಟ್ಟಿಯಾಗಿರಲು ಈ ವಿಟಮಿನ್ ಬೇಕೇ ಬೇಕು. ಅಮೆರಿಕದ ಕ್ಯಾನ್ಸಸ್‌ನಲ್ಲಿ 1930ರ ಸುಮಾರಿಗೇ ಇದನ್ನು ಪರೀಕ್ಷಿಸಿ ನೋಡಿದ್ದಾರೆ. ವಿಟಮಿನ್ ಎ ಇಲ್ಲದ ಆಹಾರ ತಿಂದ ಮರಿಗಳಲ್ಲಿ ಹುಳಗಳೂ ಜಾಸ್ತಿ, ಅವುಗಳ ಉದ್ದವೂ ಜಾಸ್ತಿ.

ಈಗ ನಮ್ಮ ಕಡೆಯ ಬೇಸಿಗೆ ನೆನಪಿಸಿಕೊಳ್ಳಿ. ಏಪ್ರಿಲ್, ಮೇನಲ್ಲಿ ಕೋಳಿ ಕುಕ್ಕಲು ಒಂದು ಹಸಿರು ಎಲೆ ಸಿಗುವುದಿಲ್ಲ. ಪಿತ್ತಜನಕಾಂಗದಲ್ಲಿ ಕೂಡಿಟ್ಟ ವಿಟಮಿನ್ ಕರಗುತ್ತಾ ಬರುತ್ತದೆ. ಅಷ್ಟೊತ್ತಿಗೆ ಮಳೆ ಬಿದ್ದು ನೆಲ ಹಸಿಯಾಗುತ್ತದೆ, ಹಿಕ್ಕೆಯಲ್ಲಿರುವ ಹುಳದ ಮೊಟ್ಟೆಗಳು ಬಲಿಯುತ್ತವೆ. ಹಾಗಾಗಿ ಮಳೆಗಾಲ ಬಂದ ಮೇಲಲ್ಲ, ಬೇಸಿಗೆಯಲ್ಲೇ ನುಗ್ಗೆ ಸೊಪ್ಪು ಕೊಡಬೇಕು ಅನ್ನುವುದು ನನ್ನ ಅಭಿಪ್ರಾಯ. ಹಸಿಯದು ಕತ್ತರಿಸಿ ಹಾಕಿ. ಇಲ್ಲವಾದರೆ ನೆರಳಲ್ಲಿ ಒಣಗಿಸಿ ಪುಡಿ ಮಾಡಿ ನುಚ್ಚಿಗೆ ಕಲಸಿ. ಬಿಸಿಲಲ್ಲಿ ಒಣಗಿಸಿದರೆ ಬೇಕಾದ ಅಂಶವೇ ಹಾಳು.

ಜೋಳದಲ್ಲಿ ಪ್ರೋಟೀನೂ ಕಡಿಮೆ, ಅದರಲ್ಲೂ ಮೈ ಬೆಳೆಯಲು ಬೇಕಾದ ಲೈಸಿನ್ ಎಂಬ ಪ್ರೋಟೀನಿನ ಅಂಶ. ಶೇಂಗಾ ಹಿಂಡಿ ಸೇರಿಸಬಹುದು, ಬೂಷ್ಟು ಹಿಡಿದದ್ದು ಮಾತ್ರ ಬೇಡ. ಅದರ ವಿಷ ಜಂತಿಗಿಂತ ಕೆಟ್ಟದ್ದು. ತೊಗರಿ ಹೊಟ್ಟು ಸುಮ್ನೆ ಸಿಗುತ್ತದೆ ಅಂತ ಬುಟ್ಟಿಗಟ್ಟಲೆ ಬೆರೆಸುವುದೂ ಬೇಡ. ಜರ್ಮನಿಯಲ್ಲಿ ಬಟಾಣಿ ಸಿಪ್ಪೆಯಂಥ ನಾರು ಜಾಸ್ತಿ ಬೆರೆಸಿ ನೋಡಿದಾಗ ಕರುಳಲ್ಲಿ ಹುಳ ಹೆಚ್ಚೇ ಸಿಕ್ಕವು.

ಇಷ್ಟೆಲ್ಲ ಮಾಡಿದರೂ ಒಳಗೆ ಸೇರಿಕೊಂಡ ಹುಳ ತಾನಾಗಿ ಹೊರಗೆ ಬರುವುದಿಲ್ಲ. ಒಳ್ಳೆ ಮೇವಿನಿಂದ ಕೋಳಿ ತಡೆದುಕೊಳ್ಳುತ್ತದೆ, ಹುಳ ಕೊಲ್ಲಲು ಔಷಧವೇ ಬೇಕು. ಯಾವ ಔಷಧ ಅನ್ನುವುದು ಹುಳದ ಮೇಲೆ ಹೋಗುತ್ತದೆ. ಕರುಳು ಸೀಳಿದಾಗ ಶಾವಿಗೆ ಎಳೆಯಂತೆ ದುಂಡಗೆ, ಬೆರಳುದ್ದ ಕಂಡರೆ ಅದು ದುಂಡು ಹುಳ. ಪೈಪರಜೀನ್‌ಗೆ ಬಗ್ಗುತ್ತದೆ. ಚಪ್ಪಟೆಯಾಗಿ, ತುಂಡು ತುಂಡು ಜೋಡಿಸಿದಂತಿದ್ದರೆ ಲಾಡಿ ಹುಳ. ಕೋಳಿ ಇರುವೆ, ಜೀರುಂಡೆ ತಿಂದಾಗ ಇದು ಬರುತ್ತದೆ, ಪೈಪರಜೀನ್ ಇದಕ್ಕೆ ನಾಟುವುದಿಲ್ಲ. ಒಂದಿಷ್ಟು ತಾಜಾ ಹಿಕ್ಕೆಯನ್ನು ಡಬ್ಬಿಯಲ್ಲಿ ಹಾಕಿಕೊಂಡು ಪಶು ಆಸ್ಪತ್ರೆಗೆ ಹೋಗಿ. ಎಷ್ಟು ಔಷಧ, ಆಮೇಲೆ ಎಷ್ಟು ದಿನ ಮೊಟ್ಟೆ ತಿನ್ನಬಾರದು ಅನ್ನುವುದನ್ನೂ ಡಾಕ್ಟರ್ ಹತ್ತಿರವೇ ಕೇಳಿ.

ಔಷಧ ಹಾಕಿ ಮತ್ತೆ ಅದೇ ಜಾಗಕ್ಕೆ ಬಿಟ್ಟರೆ ಏನು ಬಂತು? ವಿಜಯಪುರದ ಬಿಸಿಲು ಬಯಲಲ್ಲಿ ಬಿದ್ದ ಹುಳದ ಮೊಟ್ಟೆಗಳನ್ನು ಸುಡುತ್ತದೆ. ಆದರೆ ಬಾನಿ ಪಕ್ಕದ ರಾಡಿ, ತಿಪ್ಪೆಯ ನೆರಳಿನ ಬದಿ ಹಸಿಯಾಗೇ ಇರುತ್ತವೆ. ಮರಿಗಳು ಕೆದರುವುದೂ ಅಲ್ಲೇ, ಅಲ್ವಾ? ಮೂರು ತಿಂಗಳು ತುಂಬುವ ತನಕ ಅವನ್ನು ದೊಡ್ಡ ಕೋಳಿಗಳಿಂದ ಬೇರೆ, ಒಣ ಜಾಗದಲ್ಲಿಡಿ.

ಇನ್ನೊಂದು ವಿಷಯ. ಮರಿಗಳ ಹಿಕ್ಕೆಯಲ್ಲಿ ರಕ್ತ ಕಂಡರೆ ಅದು ಸಾಮಾನ್ಯವಾಗಿ ಜಂತಲ್ಲ, ಕಾಕ್ಸಿಡಿಯೋಸಿಸ್, ಅಂದರೆ ಕಣ್ಣಿಗೆ ಕಾಣದ ಒಂದು ಜೀವಿಯಿಂದ ಬರುವ ಕರುಳಿನ ರೋಗ. ಅದಕ್ಕೆ ನೀರಲ್ಲಿ ಆಂಪ್ರೋಲಿಯಂ ಕೊಡುತ್ತಾರೆ. ಬಹಳ ಜನ ಮರಿ ಸುಸ್ತಾಗಿದೆ ಅಂತ ಅದೇ ನೀರಿಗೆ ಬಿ ಕಾಂಪ್ಲೆಕ್ಸ್ ಟಾನಿಕ್ ಸುರಿಯುತ್ತಾರೆ. ಆಂಪ್ರೋಲಿಯಂ ಆ ಜೀವಿಗೆ ವಿಟಮಿನ್ ಬಿ1 ಸಿಗದಂತೆ ಮಾಡಿಯೇ ಕೊಲ್ಲುವುದು. ಟಾನಿಕ್‌ನಲ್ಲಿ ಅದೇ ಬಿ1 ಇರುತ್ತದೆ. ಔಷಧದ ಕೋರ್ಸ್ ಮುಗಿಯುವವರೆಗೆ ಟಾನಿಕ್ ಬಾಟಲಿ ಮುಟ್ಟಬೇಡಿ.