ಪದ ಪರಿಚಯ: ಅಡ್ಜೆಕ್ಟಿವ್ ಕ್ಲಾಝ್

ನಾನು ಬರೆದ ಪತ್ರ. ನಾನು ಬರೆದ ಪೆನ್ನು. ನಾನು ಬರೆದ ದಿನ.

ಮೂರರಲ್ಲೂ 'ಬರೆದ' ಒಂದೇ. ಆದರೆ ಬರೆದದ್ದು ಪತ್ರವನ್ನು, ಪೆನ್ನಿನಿಂದ, ಆ ದಿನದಂದು. ಈ ನಂಟನ್ನು ಕನ್ನಡ ಬಾಯಿಬಿಟ್ಟು ಹೇಳುವುದಿಲ್ಲ. ಕೇಳುವವರೇ ಊಹಿಸಿಕೊಳ್ಳಲಿ ಅಂತ ಸುಮ್ನೆ ಬಿಟ್ಟುಬಿಡುತ್ತದೆ. ಇಂಗ್ಲಿಷಿಗೆ ಮಾತ್ರ ಸಾಮಾನ್ಯವಾಗಿ ನಂಟು ತೋರಿಸುವ ಪದ ಬೇಕು: ದಿ ಲೆಟರ್ ವಿಚ್ ಐ ರೋಟ್, ದಿ ಪೆನ್ ವಿತ್ ವಿಚ್ ಐ ರೋಟ್, ದಿ ಡೇ ವೆನ್ ಐ ರೋಟ್. 'ವಿಚ್', 'ವೆನ್' ಎಂದು ಶುರುವಾಗುವ ಈ ತುಂಡುಗಳೇ ಅಡ್ಜೆಕ್ಟಿವ್ ಕ್ಲಾಝ್. ರಿಲೇಟಿವ್ ಕ್ಲಾಝ್ ಅಂದರೂ ಇದೇ.

ಕ್ಲಾಝ್ ಅಂದರೆ ಉಪವಾಕ್ಯ. (ತರಗತಿಯ 'ಕ್ಲಾಸ್' ಬೇರೆ. ಕನ್ನಡದಲ್ಲಿ ಬರೆಯುವಾಗ ಎರಡೂ ಕಲಸಿಹೋಗುತ್ತವೆ, ಅದಕ್ಕೇ 'ಝ್' ಹಾಕಿದ್ದೇನೆ.) ಒಂದು ಕರ್ತೃ, ಅದಕ್ಕೊಂದು ಕ್ರಿಯಾಪದ ಇದ್ದರೆ ಅದು ಕ್ಲಾಝ್. 'ಇನ್ ದಿ ಮಾರ್ನಿಂಗ್' ಅನ್ನುವುದರಲ್ಲಿ ಎರಡೂ ಇಲ್ಲ, ಹಾಗಾಗಿ ಅದು ಬರೀ ಫ್ರೇಝ್. ತನ್ನಷ್ಟಕ್ಕೆ ನಿಲ್ಲುವ ಕ್ಲಾಝ್ ಮುಖ್ಯ ವಾಕ್ಯ, ಇನ್ನೊಂದಕ್ಕೆ ಆತುಕೊಳ್ಳುವುದು ಅಧೀನ ವಾಕ್ಯ. ಅಧೀನ ವಾಕ್ಯ ನಾಮಪದದ ಕೆಲಸ ಮಾಡಬಹುದು, ಕ್ರಿಯಾವಿಶೇಷಣದ ಕೆಲಸ ಮಾಡಬಹುದು. ನಾಮಪದವೊಂದನ್ನು ಬಣ್ಣಿಸಿದರೆ ಅಡ್ಜೆಕ್ಟಿವ್ ಕ್ಲಾಝ್.

ನಮಗೆ ತೊಡಕಾಗುವುದು ಜಾಗದಿಂದ. ಕನ್ನಡದಲ್ಲಿ ಬಣ್ಣನೆ ಮೊದಲು, ನಾಮಪದ ಆಮೇಲೆ: 'ನಿನ್ನೆ ಬಂದ ಹುಡುಗ'. ಇಂಗ್ಲಿಷಿನಲ್ಲಿ ಹುಡುಗ ಮೊದಲು ಬಂದು ನಿಲ್ಲಬೇಕು: 'ದಿ ಬಾಯ್ ಹು ಕೇಮ್ ಯೆಸ್ಟರ್ಡೇ'. ಅವನ ಬೆನ್ನಿಗೇ ಕ್ಲಾಝ್ ಬರುತ್ತದೆ. ಮನುಷ್ಯರಿಗೆ 'ಹು', ವಸ್ತುಗಳಿಗೆ 'ವಿಚ್', ಇಬ್ಬರಿಗೂ ನಡೆಯುವುದು 'ದಟ್', ಒಡೆತನಕ್ಕೆ 'ಹೂಝ್', ಜಾಗಕ್ಕೆ 'ವೇರ್'.

ಇನ್ನೊಂದು ತಪ್ಪು ಜಾಸ್ತಿ ಕಣ್ಣಿಗೆ ಬೀಳುತ್ತದೆ: 'ದಿ ಬುಕ್ ವಿಚ್ ಐ ಬಾಟ್ ಇಟ್'. ಇಲ್ಲಿ ಪುಸ್ತಕದ ಬದಲು 'ವಿಚ್' ಆಗಲೇ ಕೂತಿದೆ. ಮತ್ತೆ 'ಇಟ್' ಯಾಕೆ? ಹಾಗೆ ನೋಡಿದರೆ ಇಲ್ಲಿ 'ವಿಚ್' ಅನ್ನೂ ಬಿಡಬಹುದು: 'ದಿ ಬುಕ್ ಐ ಬಾಟ್'. ಆದರೆ 'ದಿ ಬಾಯ್ ಹು ಕೇಮ್' ಅನ್ನುವಲ್ಲಿ 'ಹು' ಬಿಡುವ ಹಾಗಿಲ್ಲ, ಯಾಕಂದರೆ 'ಕೇಮ್'ಗೆ ಅದೇ ಕರ್ತೃ.

ಅಲ್ಪವಿರಾಮವನ್ನು ಹಗುರಾಗಿ ತೆಗೆದುಕೊಳ್ಳಬೇಡಿ. 'ದಿ ಸ್ಟೂಡೆಂಟ್ಸ್ ಹು ವರ್ಕ್ಡ್ ಹಾರ್ಡ್ ಪಾಸ್ಡ್' ಅಂದರೆ ಕಷ್ಟಪಟ್ಟವರು ಪಾಸಾದರು, ಉಳಿದವರ ಕಥೆ ಬೇರೆ. 'ದಿ ಸ್ಟೂಡೆಂಟ್ಸ್, ಹು ವರ್ಕ್ಡ್ ಹಾರ್ಡ್, ಪಾಸ್ಡ್' ಅಂದರೆ ಎಲ್ಲರೂ ಕಷ್ಟಪಟ್ಟರು, ಎಲ್ಲರೂ ಪಾಸಾದರು. ಎರಡು ಚಿಕ್ಕ ಗೆರೆಗಳಿಗೆ ಎಷ್ಟೊಂದು ಮಂದಿ ಪಾಸಾದರು, ಅಲ್ವಾ? ಅಂದಹಾಗೆ, ಹೀಗೆ ಅಲ್ಪವಿರಾಮ ಹಾಕಿದ ಕಡೆ 'ದಟ್' ಬಳಸುವುದಿಲ್ಲ.

ಶುರುವಿನ ಪದ ನೋಡಿದ ಕೂಡಲೇ ಅಡ್ಜೆಕ್ಟಿವ್ ಕ್ಲಾಝ್ ಅಂತ ತೀರ್ಮಾನಿಸುವುದೂ ಅಪಾಯ. 'ದಿ ಹೌಸ್ ವೇರ್ ಹಿ ಲಿವ್ಸ್' ಮನೆಯನ್ನು ಬಣ್ಣಿಸುತ್ತದೆ. 'ಐ ನೋ ವೇರ್ ಹಿ ಲಿವ್ಸ್' ಅನ್ನುವಲ್ಲಿ ಬಣ್ಣಿಸಲು ನಾಮಪದವೇ ಇಲ್ಲ, ಅದು ತಾನೇ ನಾಮಪದದ ಕೆಲಸ ಮಾಡುವ ನೌನ್ ಕ್ಲಾಝ್. 'ದಟ್' ಇದ್ದಾಗ ಗೊಂದಲ ಇನ್ನೂ ಜಾಸ್ತಿ. 'ದಿ ನ್ಯೂಸ್ ದಟ್ ಹಿ ಟೋಲ್ಡ್ ಮಿ' ಮತ್ತು 'ದಿ ನ್ಯೂಸ್ ದಟ್ ಹಿ ವನ್' ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಹಾಗಿವೆ. ಇಲ್ಲಿ ಕನ್ನಡವೇ ನೆರವಿಗೆ ಬರುತ್ತದೆ. ಮೊದಲನೆಯದು 'ಅವನು ಹೇಳಿದ ಸುದ್ದಿ', ಎರಡನೆಯದು 'ಅವನು ಗೆದ್ದ ಎಂಬ ಸುದ್ದಿ'. 'ಎಂಬ' ಬೇಕೇ ಬೇಕು ಅನಿಸಿದರೆ ಅದು ಅಡ್ಜೆಕ್ಟಿವ್ ಕ್ಲಾಝ್ ಅಲ್ಲ.