ಬಿಯರ್ ಹೊಟ್ಟು ರೊಟ್ಟಿ ಹಿಟ್ಟಿಗೆ ಸೇರಬೇಕಾದರೆ

ಹುಬ್ಬಳ್ಳಿಯಂಥ ಊರಿನಲ್ಲಿ ಸಣ್ಣ ಬ್ರೂವರಿಯೊಂದು 500 ಲೀಟರ್ ಬಿಯರ್ ತಯಾರಿಸಿದರೆ ಹೆಚ್ಚುಕಡಿಮೆ 100 ಕಿಲೋ ಹಸಿ ಬಾರ್ಲಿ ಹೊಟ್ಟು ಉಳಿಯುತ್ತದೆ. ಸಾಮಾನ್ಯವಾಗಿ ಅದು ದನ, ಎಮ್ಮೆಗಳ ಪಾಲು. ಒಳ್ಳೆಯ ಮೇವೇ ಅದು. ಆದರೆ ಒಣತೂಕದಲ್ಲಿ ಸುಮಾರು ಶೇ 20 ಪ್ರೋಟೀನು, ಅರ್ಧದಷ್ಟು ನಾರು ಇರುವ ಈ ಹೊಟ್ಟನ್ನು ನಾವೂ ತಿನ್ನಬಹುದು.

ಇದರಲ್ಲಿ ಅಮಲು ಇರುವುದಿಲ್ಲ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ ನುಚ್ಚನ್ನು 65 ಡಿಗ್ರಿ ಆಸುಪಾಸಿನ ನೀರಿನಲ್ಲಿ ತಾಸುಹೊತ್ತು ಇಟ್ಟರೆ ಪಿಷ್ಟ ಸಕ್ಕರೆಯಾಗಿ ನೀರಿಗೆ ಇಳಿಯುತ್ತದೆ. ಆ ಸಿಹಿನೀರನ್ನು ಬಸಿದು, ಕುದಿಸಿ, ಆರಿಸಿದ ಮೇಲಷ್ಟೇ ಯೀಸ್ಟ್ ಹಾಕುತ್ತಾರೆ. ಹೊಟ್ಟು ಅದಕ್ಕೂ ಮೊದಲೇ ಹೊರಬಿದ್ದಿರುತ್ತದೆ.

ಕಷ್ಟವೆಲ್ಲ ನೀರಿನದು. ಹಸಿ ಹೊಟ್ಟಿನಲ್ಲಿ ಮುಕ್ಕಾಲು ಭಾಗಕ್ಕಿಂತ ಹೆಚ್ಚು ನೀರು, ಜೊತೆಗೆ ಒಂದಿಷ್ಟು ಸಕ್ಕರೆ, ಮೇಲೆ ಬಿಸಿ. ಏಪ್ರಿಲ್ ಸೆಕೆಯಲ್ಲಿ ಡ್ರಮ್ಮಿಗೆ ತುಂಬಿ ಮುಚ್ಚಿಟ್ಟರೆ ಮರುದಿನದೊಳಗೆ ಹುಳಿವಾಸನೆ, ಆಮೇಲೆ ಬೂಷ್ಟು. ಶೇಂಗಾ, ಬ್ಯಾಡಗಿ ಮೆಣಸಿನಕಾಯಿಗೆ ಕಾಟ ಕೊಡುವ ಆಸ್ಪರ್ಜಿಲಸ್ ಬೂಷ್ಟಿಗೆ ಇದೂ ಹಿತವಾದ ಜಾಗ. ಅದು ಬಿಡುವ ಅಫ್ಲಾಟಾಕ್ಸಿನ್ ಎಂಬ ವಿಷ ಆಮೇಲೆ ಎಷ್ಟು ಒಣಗಿಸಿದರೂ, ಸುಟ್ಟರೂ ಪೂರ್ತಿ ಹೋಗುವುದಿಲ್ಲ. ಹಾಗಾಗಿ ಪಾತ್ರೆಯಿಂದ ತೆಗೆದ ಮೂರ್ನಾಲ್ಕು ತಾಸಿನೊಳಗೆ ಹೊಟ್ಟು ಡ್ರೈಯರ್ ಸೇರಬೇಕು. ಹುಳಿತದ್ದನ್ನು ಹಿಟ್ಟಿಗೆ ಬಳಸುವ ಮಾತೇ ಬೇಡ.

ಮೊದಲು ಸ್ಕ್ರೂ ಪ್ರೆಸ್ಸಿನಲ್ಲಿ ಹಿಂಡಬೇಕು. ಶೇ 78 ನೀರಿರುವ 100 ಕಿಲೋ ಹೊಟ್ಟನ್ನು ಶೇ 62ಕ್ಕೆ ಇಳಿಸಿದರೆ ತೂಕ 58 ಕಿಲೋಗೆ ಬರುತ್ತದೆ. 42 ಕಿಲೋ ನೀರನ್ನು ಆವಿ ಮಾಡುವ ಕರೆಂಟು ಉಳಿಯಿತು. ಹಿಂಡಿದ ನೀರಿನ ಜೊತೆ ಸ್ವಲ್ಪ ಪ್ರೋಟೀನೂ ಹೋಗುತ್ತದೆ, ಹೋಗಲಿ. ನಂತರ ಟ್ರೇಗಳಲ್ಲಿ ಒಂದು ಸೆಂಟಿಮೀಟರ್ ದಪ್ಪಕ್ಕೆ ಹರಡಿ, 60–65 ಡಿಗ್ರಿ ಬಿಸಿಗಾಳಿಯಲ್ಲಿ ಆಗಾಗ ಕೈಯಾಡಿಸುತ್ತ ತೇವ ಶೇ 8ಕ್ಕೆ ಬರುವವರೆಗೆ ಒಣಗಿಸಬೇಕು. ದಪ್ಪಗೆ ಹರಡಿದರೆ ಮೇಲೆ ಗರಿಗರಿ, ಒಳಗೆ ಬೆಚ್ಚನೆಯ ತೇವ. ಹುಳಿ ಹಿಡಿಯುವುದು ಅಲ್ಲೇ. ಅಂಗಳದ ಬಿಸಿಲನ್ನು ನೆಚ್ಚಬಾರದು, ಧಾರವಾಡದ ಮಳೆಗಾಲದಲ್ಲಂತೂ ಸಾಧ್ಯವೇ ಇಲ್ಲ. ಕೊನೆಗೆ ಕೈಗೆ ಬರುವುದು 24 ಕಿಲೋಗೂ ಸ್ವಲ್ಪ ಕಡಿಮೆ.

ಗಿರಣಿಯಲ್ಲಿ ಬೀಸಿದ ಮೇಲೆ ಸಣ್ಣ ಜರಡಿ ಹಿಡಿಯಲೇಬೇಕು. ಬಾರ್ಲಿ ಸಿಪ್ಪೆಯ ಚೂರು ಗಂಟಲಿಗೆ ಚುಚ್ಚುತ್ತದೆ.

ಜೋಳದ ರೊಟ್ಟಿ ಬಡಿಯಲು ಬರುವುದು ಎಸರಿನಿಂದ: ಕುದಿನೀರಿಗೆ ಪಿಷ್ಟ ಉಬ್ಬಿ ಅಂಟು ಬಿಡುತ್ತದೆ. ಈ ಹೊಟ್ಟಿನ ಪಿಷ್ಟ ಬಹುಪಾಲು ಬಿಯರಿಗೆ ಹೋಗಿಬಿಟ್ಟಿದೆ. ನೀರು ಹೀರುತ್ತದೆ, ಅಂಟುವುದಿಲ್ಲ. ಕಿಲೋ ಹಿಟ್ಟಿನಲ್ಲಿ 900 ಗ್ರಾಂ ಜೋಳ, 100 ಗ್ರಾಂ ಹೊಟ್ಟು ಸಾಕು. ಅದರಾಚೆ ಹೋದರೆ ಬಡಿಯುವಾಗಲೇ ಅಂಚು ಸೀಳುತ್ತದೆ. ಎಸರು ಸ್ವಲ್ಪ ಹೆಚ್ಚು ಹಿಡಿಸುತ್ತದೆ; ಕಲಸಿ ಹತ್ತು ನಿಮಿಷ ಮುಚ್ಚಿಟ್ಟು ನಾದಿದರೆ ಹದ ಬರುತ್ತದೆ. ಥಾಲಿಪಟ್ಟಿಗೆ ಇಷ್ಟು ರಗಳೆಯಿಲ್ಲ. ಅದರಲ್ಲಿರುವ ಕಡಲೆಹಿಟ್ಟು ಬಾರ್ಲಿಯಲ್ಲಿ ಕೊರತೆಯಿರುವ ಲೈಸಿನ್ ಎಂಬ ಪ್ರೋಟೀನಿನ ಘಟಕವನ್ನೂ ತುಂಬಿಕೊಡುತ್ತದೆ.

ಲಾಭವನ್ನು ಉಬ್ಬಿಸಿ ಹೇಳಬೇಕಿಲ್ಲ. 50 ಗ್ರಾಂ ಹಿಟ್ಟಿನ ರೊಟ್ಟಿಯಲ್ಲಿ 5 ಗ್ರಾಂ ಹೊಟ್ಟಿದ್ದರೆ ಅದರಿಂದ ಸಿಗುವ ನಾರು ಸುಮಾರು ಎರಡೂವರೆ ಗ್ರಾಂ, ಪ್ರೋಟೀನು ಒಂದೇ ಗ್ರಾಂ. ದಿನಕ್ಕೆ 30 ಗ್ರಾಂ ನಾರು ಬೇಕೆನ್ನುವ ಲೆಕ್ಕದಲ್ಲಿ ಮೂರು ರೊಟ್ಟಿಗೆ ಕಾಲುಭಾಗ ಸಂದಾಯ.

ಹೊಟ್ಟಿನಲ್ಲಿ ಎಣ್ಣೆಯಂಶ ಇರುವುದರಿಂದ ಹಿಟ್ಟು ಕ್ರಮೇಣ ಕಮಟು ಹಿಡಿಯುತ್ತದೆ. ಗಾಳಿಯಾಡದ ಡಬ್ಬಿಯಲ್ಲಿಟ್ಟು ಬೇಗ ಮುಗಿಸಬೇಕು. ಮಾರುವವರು ಪೊಟ್ಟಣದ ಮೇಲೆ ‘ಬಾರ್ಲಿ, ಗ್ಲುಟೆನ್ ಇದೆ’ ಎಂದು ಬರೆಯಲೇಬೇಕು: ಗೋಧಿಯ ಗ್ಲುಟೆನ್ ಒಗ್ಗದೆ ಜೋಳದ ರೊಟ್ಟಿಗೆ ಬಂದವರಿಗೆ ಈ ಹಿಟ್ಟು ಆಗುವುದಿಲ್ಲ.