ಬೋವೆಯ ಕ್ಯಾಥೆಡ್ರಲ್: ಬಿದ್ದದ್ದನ್ನು ನೋಡಲು ಹೋಗಿ

ಪ್ಯಾರಿಸ್ಸಿನಿಂದ ಉತ್ತರಕ್ಕೆ ರೈಲಿನಲ್ಲಿ ಒಂದೂಕಾಲು ಗಂಟೆ ಹೋದರೆ ಬೋವೆ. ಅಲ್ಲಿನ ಸೇಂಟ್ ಪಿಯೇರ್ ಕ್ಯಾಥೆಡ್ರಲ್ಲಿನ ಒಳಗೆ ಕಾಲಿಡುವ ಮೊದಲು ಪಶ್ಚಿಮದ ಬದಿಗೆ ಹೋಗಿ ನೋಡಿ. ಜನ ಕೂರಬೇಕಾದ ಉದ್ದನೆಯ ಹಜಾರವೇ ಇಲ್ಲ. ಆ ಜಾಗದಲ್ಲಿ 10ನೇ ಶತಮಾನದ ಗಿಡ್ಡ ಚರ್ಚೊಂದು ಇನ್ನೂ ಕೂತಿದೆ. ಅದನ್ನು ಪೂರ್ತಿ ಕೆಡವುವಷ್ಟರಲ್ಲಿ ಕಟ್ಟುವವರ ದುಡ್ಡು ಖಾಲಿಯಾಗಿತ್ತು.

ಕೆಲಸ ಶುರುವಾದದ್ದು 1225ರಲ್ಲಿ. ಪೂರ್ವದ ಭಾಗವಾದ ಕ್ವಾಯರ್ 1272ಕ್ಕೆ ಮುಗಿಯಿತು. ಅದರ ಕಮಾನು ಚಾವಣಿಯ ಎತ್ತರ ಸುಮಾರು 48 ಮೀಟರ್; ಚೂಪು ಕಮಾನುಗಳ ಗಾಥಿಕ್ ಶೈಲಿಯ ಚರ್ಚುಗಳಲ್ಲಿ ಇದಕ್ಕಿಂತ ಎತ್ತರದ ಚಾವಣಿ ಇನ್ನೊಂದಿಲ್ಲ. ಹನ್ನೆರಡೇ ವರ್ಷಕ್ಕೆ, 1284ರಲ್ಲಿ, ಅದರ ಒಂದು ಭಾಗ ಕುಸಿದುಬಿತ್ತು.

ಕಮಾನು ತನ್ನ ಭಾರವನ್ನು ಕೆಳಕ್ಕೆ ಮಾತ್ರವಲ್ಲ, ಪಕ್ಕಕ್ಕೂ ತಳ್ಳುತ್ತದೆ. ಆ ತಳ್ಳಿಕೆಯನ್ನು ಫ್ಲೈಯಿಂಗ್ ಬಟ್ರೆಸ್ ಎನ್ನುವ ಹೊರಗಿನ ಅರೆಗಮಾನುಗಳು ದೂರದ ಕಂಬಗಳಿಗೆ ದಾಟಿಸುತ್ತವೆ. ಬೋವೆಯಲ್ಲಿ ಆ ಕಂಬಗಳು ಎತ್ತರಕ್ಕೆ ತಕ್ಕಷ್ಟು ದಪ್ಪವಿಲ್ಲ. ಒಳಗಿನ ಕಂಬಗಳೂ ಆಗ ದೂರದೂರ ಇದ್ದವು. ಇದರ ಮೇಲೆ ಗಾಳಿ. ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟು. ಕಲ್ಲು ಎಷ್ಟು ಅದುಮಿದರೂ ತಡೆದೀತು, ಆದರೆ ಸುಣ್ಣದ ಗಾರೆಯ ಸಂದು ಎಳೆತಕ್ಕೆ ಸಿಕ್ಕರೆ ಬಾಯಿಬಿಡುತ್ತದೆ. ಕುಸಿತಕ್ಕೆ ಗಾಳಿ ಕಾರಣವೋ, ನಿಧಾನವಾಗಿ ಕುಗ್ಗಿದ ಗಾರೆಯಿಂದ ಭಾರ ಓರೆಯಾಗಿ ಬಿದ್ದದ್ದೋ ಎಂಬ ಜಗಳ ತಜ್ಞರಲ್ಲಿ ಇನ್ನೂ ಮುಗಿದಿಲ್ಲ.

ರಿಪೇರಿ ಮಾತ್ರ ಕಣ್ಣೆದುರಿಗೇ ಇದೆ. ಎರಡೆರಡು ಕಂಬಗಳ ನಡುವೆ ಇನ್ನೊಂದು ಕಂಬ ನಿಲ್ಲಿಸಿದರು. ಕ್ವಾಯರಿನ ನೇರ ಭಾಗದಲ್ಲಿ ನಿಂತು ಕಂಬಗಳ ಮೇಲೆ ಕಣ್ಣಾಡಿಸಿ: ಅಗಲವಾದ ಹಳೆಯ ಕಮಾನಿನ ಗೆರೆ, ಅದರ ಹೊಟ್ಟೆಯೊಳಗೆ ತುರುಕಿದ ಎರಡು ಚೂಪು ಕಮಾನು. ಕತ್ತೆತ್ತಿದರೆ, ಮೊದಲು ನಾಲ್ಕು ಹೋಳಿದ್ದ ಚಾವಣಿಯ ಅಂಕಣಗಳು ಆರು ಹೋಳಾಗಿರುವುದು ಕಾಣುತ್ತದೆ.

ಇಷ್ಟಾದರೂ ಬುದ್ಧಿ ಬರಲಿಲ್ಲ. ಹಜಾರ ಕಟ್ಟುವ ಬದಲು ನಡುಮಧ್ಯದ ನಾಲ್ಕು ಕಂಬಗಳ ಮೇಲೆ 153 ಮೀಟರ್ ಎತ್ತರದ ಗೋಪುರ ಏರಿಸಿ 1569ರಲ್ಲಿ ಮುಗಿಸಿದರು. ಮೂರು ದಿಕ್ಕಿಗೆ, ಅಂದರೆ ಪೂರ್ವದ ಕ್ವಾಯರ್ ಮತ್ತು ಎರಡು ಪಕ್ಕಕ್ಕೆ ಚಾಚಿದ ಅಡ್ಡಹಜಾರದ ಕಡೆಗೆ, ಆಸರೆಯಿತ್ತು. ಹಜಾರವಿಲ್ಲದ ಪಶ್ಚಿಮಕ್ಕೆ ಇರಲಿಲ್ಲ. 1573ರ ಏಪ್ರಿಲ್ 30ರಂದು, ಹಬ್ಬದ ಜನ ಹೊರಗೆ ಹೋದ ಸ್ವಲ್ಪ ಹೊತ್ತಿಗೆ, ಗೋಪುರ ಉರುಳಿತು.

1960ರ ದಶಕದಲ್ಲಿ ಹೊರಗೆ ಬಟ್ರೆಸ್‌ಗಳನ್ನು ಒಂದಕ್ಕೊಂದು ಬಿಗಿದಿದ್ದ ಕಬ್ಬಿಣದ ಸರಳುಗಳು ಕಣ್ಣಿಗೆ ಚೆನ್ನಾಗಿಲ್ಲವೆಂದು ತೆಗೆಸಿದರು. ಗಾಳಿಗೆ ಕಟ್ಟಡದ ಓಲಾಟ ಹೆಚ್ಚಿತು. ಮತ್ತೆ ಉಕ್ಕಿನ ಸರಳು ಹಾಕಬೇಕಾಯಿತು. ಒಳಗೆ ಅಡ್ಡಹಜಾರದಲ್ಲಿ ಕಾಣುವ ದೈತ್ಯ ಮರದ ಊರುಗೋಲುಗಳನ್ನು ರಿಪೇರಿಯ ಅಟ್ಟಣಿಗೆ ಎಂದುಕೊಳ್ಳಬೇಡಿ. 1990ರ ದಶಕದಲ್ಲಿ ತಾತ್ಕಾಲಿಕವೆಂದು ಕೊಟ್ಟ ಆಸರೆಗಳು ಅವು.